ಬೋರೆ ಏರಿದವನು, ಏರಿಯಿಂದ ಬಿದ್ದವನು

ಬಸ್ಸಿನಲ್ಲಿ ಕುಳಿತರೆ ನನ್ನ ಎಡಗಾಲು ಸುಮ್ಮನಿರುವುದಿಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವಾಗ ತೆರಕಣಾಂಬಿ ಹತ್ತಿರವಾದಂತೆ ಡ್ರೈವರು ಗೇರು ಇಳಿಸುತ್ತಾನೆ. ಅವನಿಗಿಂತ ಅರೆಗಳಿಗೆ ಮೊದಲೇ ನಾನು ಸೀಟಿನ ಕೆಳಗೆ ಇಳಿಸಿರುತ್ತೇನೆ. ಒಮ್ಮೆ ಹಾಗೆ ಇಳಿಸುವಾಗ ಪಕ್ಕದ ಹೆಂಗಸಿನ ಚೀಲದ ಮೇಲೆ ಕಾಲು ಬಿತ್ತು. ಚೀಲದಲ್ಲಿ ಏನೋ ಪಚಕ್ಕೆಂದಿತು.

"ಯಾಕ್ ಸ್ವಾಮಿ, ಕಾಲ್ಗೇನಾರ ಕಾಯ್ಲೆನಾ?"

"ಇಲ್ಲ ಕಣಮ್ಮ, ಅಭ್ಯಾಸ."

"ಟಮಾಟೆ ಹಣ್ ತುಳಿಯೋ ಅಭ್ಯಾಸ್ವಾ?"

ಇಳಿಯುವವರೆಗೂ ಕಾಲನ್ನು ಕೈಯಿಂದ ಹಿಡಿದುಕೊಂಡು ಕೂತೆ. ಆಕೆಗೆ ನಿಜ ಹೇಳುವುದು ಹೇಗೆ? ಆ ಅಭ್ಯಾಸ ಒಂದು ಮೋಟಾರು ಸೈಕಲ್ಲಿನದು. ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ, ಎರಡು ಸೈಲೆನ್ಸರಿನ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ ಗಾಡಿ. ಹೆಸರು ಹೇಳಬೇಕಾಗಿಲ್ಲ, ನಮ್ಮ ಕಡೆ ಐವತ್ತು ದಾಟಿದವರೆಲ್ಲ ಅದರ ಶಬ್ದ ಕೇಳಿದರೆ ತಿರುಗಿ ನೋಡುತ್ತಾರೆ. ಆ ಗಾಡಿಗೆ ಕಿಕ್ಕರು ಬೇರೆ, ಗೇರು ಬೇರೆ ಇರಲಿಲ್ಲ. ಎಡಗಡೆ ಒಂದೇ ಒಂದು ಕಡ್ಡಿ. ಒಳಕ್ಕೆ ತಳ್ಳಿ ಮೇಲಕ್ಕೆ ಎತ್ತಿದರೆ ಅದು ಕಿಕ್ಕರು. ಒದ್ದು, ಇಂಜಿನ್ ಹತ್ತಿದ ಮೇಲೆ ಮುಂದಕ್ಕೆ ಇಳಿಸಿದರೆ ಅದೇ ಗೇರು.

ಈ ಗುಟ್ಟು ಗೊತ್ತಿಲ್ಲದವನಿಗೆ ಆ ಗಾಡಿ ದಕ್ಕುತ್ತಿರಲಿಲ್ಲ. ಸಂತೆಮರಹಳ್ಳಿಯಲ್ಲಿ ಒಂದು ಸಂತೆಯ ದಿನ ನಮ್ಮ ಬಾವನ ಗಾಡಿಯನ್ನೇ ಒಬ್ಬ ಕದಿಯಲು ನೋಡಿದ. ಬಾವ ಎಂದರೆ ನಮ್ಮಕ್ಕ ರತ್ನಮ್ಮನ ಗಂಡ, ಚಂದಕವಾಡಿಯ ಸಿದ್ದಪ್ಪ. ಆ ಗಾಡಿಗೆ ಕೀ ಎನ್ನುವುದು ನೆಪಕ್ಕೆ, ಒಂದು ಮೊಳೆ ಚುಚ್ಚಿದರೂ ನಡೆಯುತ್ತಿತ್ತು. ಕಡ್ಡಿ ಮೇಲೆತ್ತಿದ ಹಾಗೇ ಇತ್ತು. ಕಳ್ಳ ಮೊಳೆ ಚುಚ್ಚಿದ, ಒದ್ದ, ಗಾಡಿ ಹತ್ತಿತು. ಆಮೇಲೆ ಗೇರು ಎಲ್ಲಿದೆ ಎಂದು ಬಗ್ಗಿ ಹುಡುಕತೊಡಗಿದ. ಎಡಕ್ಕೆ ಬಗ್ಗಿದ, ಬಲಕ್ಕೆ ಬಗ್ಗಿದ. ಗಾಡಿ ಹೊಗೆಯುಗುಳುತ್ತಾ ನಿಂತಲ್ಲೇ ಅರಚುತ್ತಿತ್ತು. ಜನ ಸುತ್ತ ಸೇರಿದರು. ಬಾವ ಬದನೆಕಾಯಿಯ ಚೀಲ ಹಿಡಿದು ಬಂದವನು ಗುಂಪಿನ ಹಿಂದೆ ನಿಂತು, "ಒಳಕ್ ತಳ್ಳಪ್ಪ. ಆ... ಈಗ ಮುಂದಕ್ ಇಳ್ಸು" ಎಂದ. ಕಳ್ಳ ಹೇಳಿದಂತೆ ಮಾಡಿ, ಗೇರು ಸಿಕ್ಕಿದ ಸಂತೋಷಕ್ಕೆ "ದೊಡ್ಡೋರು ನೀವು" ಎಂದು ತಿರುಗಿ ನೋಡಿದ. ಬಾವನ ಕೈ ಅವನ ಕಾಲರಿನ ಮೇಲಿತ್ತು.

ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಬೇರೆಯವರ ಹೊಲದ ಗಡಿಯನ್ನು ಅಳೆದು, ಬಾಂದು ಕಲ್ಲು ಎಲ್ಲಿದೆಯೋ ಅಲ್ಲೇ ಇದೆ ಎಂದು ಬರೆಯುವುದು ನನ್ನ ಕೆಲಸವಾಗಿತ್ತು. ಕಂಡದ್ದನ್ನು ಕಂಡಷ್ಟೇ ಬರೆಯಬೇಕು, ಒಂದು ಅಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಈ ಗಾಡಿಯ ವಿಷಯದಲ್ಲಿ ಹದಿನೆಂಟು ವರ್ಷ ನಾನು ಒಂದು ಸುಳ್ಳಿನ ನೆರಳಿನಲ್ಲಿ ತಣ್ಣಗೆ ಕೂತಿದ್ದೆ. ಅದರ ಬಿಸಿಲು ತಾಗಿದ್ದು ಬಾವನಿಗೆ.

ಬಾವನ ಸವಾರಿಯನ್ನು ಹೇಳದೆ ಆ ಸುಳ್ಳಿನ ತೂಕ ತಿಳಿಯುವುದಿಲ್ಲ. ಊರ ಹಿಂದೆ ಒಂದು ಬೋರೆ ಇದೆ, ಕಲ್ಲುಗುಂಡು, ಕಳ್ಳಿ, ಸವೆದ ಕುರಿದಾರಿ ಇರುವ ಬೋಳುಗುಡ್ಡ. ಬಾವನ ಅರಿಶಿನದ ಹೊಲ ಅದರ ಆಚೆ. ಸುತ್ತುದಾರಿಯಲ್ಲಿ ಹೋಗುವ ತಾಳ್ಮೆಯಿಲ್ಲದೆ ಅವನು ಬೋರೆಯ ಮೇಲೇ ಗಾಡಿ ಹತ್ತಿಸುತ್ತಿದ್ದ. ಕಲ್ಲಿಗೆ ತಗುಲದಿರಲೆಂದು ಎರಡೂ ಸೈಲೆನ್ಸರನ್ನು ಎತ್ತಿ ಕಟ್ಟಿಸಿದ್ದ. ಮುಂದಿನ ಮಡ್‌ಗಾರ್ಡು ಚಕ್ರದಿಂದ ಗೇಣುದ್ದ ಮೇಲಿತ್ತು. ಇಂಜಿನ್ನಿನ ಹೊಟ್ಟೆಗೆ ಎತ್ತಿನಗಾಡಿಯ ಚಕ್ರದ ಕಬ್ಬಿಣದ ಪಟ್ಟಿ ಬಡಿಸಿ ಕವಚ ಹಾಕಿದ್ದ. ಮೈಸೂರಿನ ಹೊರವಲಯದಲ್ಲಿ ಮಣ್ಣಿನ ಮೇಲೆ ರೇಸು ನಡೆದಾಗ ಪಂಚೆ ಕಟ್ಟಿಕೊಂಡೇ ಹೋಗಿ, ಯಾರದೋ ಪ್ಯಾಂಟು ಕಡ ತೊಟ್ಟು ಮೂರನೆಯವನಾಗಿ ಬಂದಿದ್ದ. ಬಹುಮಾನವಾಗಿ ಒಂದು ಫ್ಲಾಸ್ಕು ಬಂತು. ಅಕ್ಕ ಅದರಲ್ಲಿ ಕಾಫಿ ತುಂಬದೆ ಷೋಕೇಸಿನಲ್ಲಿಟ್ಟಳು. ಊರಲ್ಲಿ ಅವನಿಗೆ 'ಬೋರೆ ಸಿದ್ದಪ್ಪ' ಎಂದೇ ಹೆಸರು. ಆ ಹೆಸರು ಕರೆದರೆ ಅವನ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು.

ಇನ್ನು ಆ ದಿನ. ನನಗೆ ಇಪ್ಪತ್ತೊಂದು. ಸರ್ವೆ ಕೆಲಸಕ್ಕೆ ಆಯ್ಕೆಯಾಗಿ, ಅಕ್ಕನ ಮನೆಯಲ್ಲಿದ್ದು ಆರ್ಡರಿಗೆ ಕಾಯುತ್ತಿದ್ದೆ. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಮಧ್ಯಾಹ್ನ ನಾನೂ ಬಾವನೂ ಹಿಂತಿರುಗುವಾಗ ಊರ ಕೆರೆ ಏರಿ ಬಂತು. ಏರಿಯ ಅಗಲ ಹನ್ನೊಂದು ಅಡಿ. ಇದನ್ನು ಕೆಲಸಕ್ಕೆ ಸೇರಿದ ಮೇಲೆ ಹೋಗಿ ಅಳೆದದ್ದು, ಎರಡು ಸಲ. ಎತ್ತಿನಗಾಡಿ ಹೋಗಿ ಇನ್ನೂ ಜಾಗ ಉಳಿಯುತ್ತದೆ. ಬಾವ ಗಾಡಿ ನಿಲ್ಲಿಸಿ, "ಏರಿ ನೆಟ್ಗದೆ. ಇಲ್ಲಿಂದ ನೀನೇ ಓಡ್ಸ್ಲಾ" ಎಂದು ಹಿಂದೆ ಕುಳಿತ. ನನಗೆ ಲೈಸನ್ಸು ಇರಲಿಲ್ಲ. ಓಡಿಸಬೇಡವೆಂದು ನಮ್ಮಪ್ಪ ಇಬ್ಬರಿಗೂ ಹೇಳಿದ್ದರು.

ಎರಡನೇ ಗೇರಿನಲ್ಲಿದ್ದೆ. ಏರಿಯ ನಡುವೆ, ತೂಬಿನ ಹತ್ತಿರ, ಕೆಮ್ಮಣ್ಣು ಅರಿಶಿನ ಅರೆದಂತೆ ನುಣ್ಣಗಿತ್ತು. ಹಿಂದಿನ ಚಕ್ರ ಸ್ವಲ್ಪ ಓಲಾಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಮುಂದಿನ ಬ್ರೇಕು ಹಿಡಿದೆ, ಪೂರ್ತಿ ಹಿಡಿದೆ. ಮುಂದಿನ ಚಕ್ರ ಬಲಕ್ಕೆ ಮಡಿಚಿಕೊಂಡಿತು. ಗಾಡಿ ಗದ್ದೆಯ ಬದಿಗೆ ಜಾರಿತು. ನಾನು ಹುಲ್ಲಿನ ಮೇಲೆ ಬಿದ್ದೆ, ಮೊಣಕೈ ತರಚಿತು. ಬಾವ ನನ್ನ ಮೇಲಿಂದ ಹೋಗಿ ತೂಬಿನ ಕಲ್ಲಿನ ಮೇಲೆ ಎಡಗೈ ಊರಿ ಬಿದ್ದ. ಆ ಶಬ್ದವನ್ನು ನಾನು ಬರೆಯಲಾರೆ. ಬಾವ ಮೊದಲು ಹೇಳಿದ್ದು, "ನಿಂಗೇನಾರ ಆಯ್ತಾ?" ಎರಡನೆಯದು, "ಆರ್ಡರ್ ಬರೋ ಟೈಮು. ಬಾವ್ನೇ ಓಡಿಸ್ತಿದ್ದಿದ್ದು ಅಂದ್ಬುಡು."

ಅಂದುಬಿಟ್ಟೆ.

ಮುರಿದ ಮಣಿಕಟ್ಟು ಕೂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ಎಡಗೈಯ ಬೆರಳುಗಳು ಅರ್ಧ ಮಡಿಚಿ ನಿಂತವು. ಕುಡುಗೋಲಿಗೆ ಆತುಕೊಳ್ಳುತ್ತಿದ್ದವು, ಏನನ್ನೂ ಬಿಗಿಹಿಡಿಯುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಟೀ ಅಂಗಡಿಯಲ್ಲಿ ಆಯಿತು. ಅಂಗಡಿಯ ಕೆಂಪಣ್ಣ ಮಾತಿನಲ್ಲಿ ಚುಚ್ಚುವುದರಲ್ಲಿ ನಿಸ್ಸೀಮ. ಮೊದಲನೇ ವಾರವೇ, "ಬೋರೆ ಏರ್ದೋನು ಏರಿಯಿಂದ ಬಿದ್ದ" ಎಂದ. ಊರು ನಕ್ಕಿತು. ಬೋರೆ ಸಿದ್ದಪ್ಪ ಹೋಗಿ 'ಏರಿ ಸಿದ್ದಪ್ಪ' ಆದ. ಅಕ್ಕ ರಾತ್ರಿ ಹಗಲು ಆ ಕೈಗೆ ಎಣ್ಣೆ ನೀವುತ್ತಾ, "ಕೊಬ್ಬು, ನಿಮ್ಗೆ ಕೊಬ್ಬು. ಹಿಂದೆ ನನ್ ತಮ್ಮನ್ನ ಕೂರಿಸ್ಕೊಂಡು ರೇಸು ಓಡ್ಸಿದ್ರಿ" ಎಂದು ಬೈಯುತ್ತಿದ್ದಳು. ನಾನು ಆಗ ಅಲ್ಲೇ ಕೂತಿರುತ್ತಿದ್ದೆ. ಮೊಣಕೈಯ ತರಚಿಗೆ ಅಕ್ಕ ನನಗೂ ಮುಲಾಮು ಹಚ್ಚಿದ್ದಳು.

ಬಾವ ತನ್ನ ಮಾನ ಉಳಿಸಿಕೊಳ್ಳಲು ಒಂದು ಎಮ್ಮೆಯನ್ನು ತಂದ. ಮೊದಮೊದಲು ಕೇಳಿದವರಿಗೆ 'ಎಮ್ಮೆ ಅಡ್ಡ ಬಂತು' ಎನ್ನುತ್ತಿದ್ದ. ಎರಡು ವರ್ಷದಲ್ಲಿ ಎಮ್ಮೆಗೆ ಒಂದು ಕೊಂಬು ಮುರಿಯಿತು. ಆಮೇಲೆ ಅದು ಗಬ್ಬವಾಯಿತು. ನಾನು ಕಂಡದ್ದನ್ನು ಹೇಳುವವನು. ಏರಿಯ ಮೇಲೆ ಎಮ್ಮೆ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಎಮ್ಮೆ ಬೆಳೆದಷ್ಟೂ ನನ್ನ ಬಾಯಿ ಕಟ್ಟುತ್ತಾ ಬಂತು. ಮೊದಲ ವರ್ಷ ಹೇಳಿದ್ದರೆ ಸುಲಭವಿತ್ತು. ಐದನೇ ವರ್ಷ ಕಷ್ಟವಾಯಿತು. ಹತ್ತು ಕಳೆದ ಮೇಲೆ, ಹೇಳುವುದು ಎಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಬೇಕಾಗಿತ್ತು. ಗಾಡಿ ಕೊಟ್ಟಿಗೆ ಸೇರಿತ್ತು. ಬಾವ ಸೈಕಲ್ಲು ತುಳಿದ.

ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷಕ್ಕೆ ನಾನು ಪುಣಜನೂರಿನ ಕಡೆ ಅಳತೆಗೆ ಹೋಗಿದ್ದೆ. ಕಾಡಂಚಿನ ಒಂದು ಹೊಲದಲ್ಲಿ ಸರಪಳಿ ಹಿಡಿದು ನಿಂತಿದ್ದಾಗ ಸತ್ಯಮಂಗಲದ ರಸ್ತೆಯಲ್ಲಿ ಆ ಶಬ್ದ ಬಂತು. ಒಂದಲ್ಲ, ಆರು. ಹಳೆಯ ಗಾಡಿಗಳನ್ನು ಹೊಸದಾಗಿ ಮಾಡಿಕೊಂಡವರು ಸಾಲಾಗಿ ಘಾಟಿಯ ಕಡೆ ಹೋದರು. ನೀಲಿ ಹೊಗೆ ಹುಣಸೆಮರದ ಕೆಳಗೆ ಸ್ವಲ್ಪ ಹೊತ್ತು ನಿಂತಿತು. ಸರಪಳಿಯ ಲೆಕ್ಕ ತಪ್ಪಿ, ಆ ಹೊಲವನ್ನು ಮೊದಲಿನಿಂದ ಅಳೆದೆ.

ಮುಂದಿನ ಭಾನುವಾರ ಅಕ್ಕನ ಮನೆಗೆ ಹೋದೆ.

"ಕೊಟ್ಗೇಲಿರೋ ಗಾಡಿ ರಿಪೇರಿ ಮಾಡಿಸ್ತೀನಿ ಅಕ್ಕ."

"ಅದ್ರ ಹೆಸ್ರೆತ್ ಬ್ಯಾಡ ಕಣಪ್ಪ. ಅದ್ರ ಮೇಲೆ ಕೋಳಿ ಕಾವ್ ಕುಂತದೆ. ನಿಮ್ ಬಾವಂಗಿಂತ ಕೋಳೀಗೇ ಅದ್ರಿಂದ ಉಪಯೋಗ."

ಬಾವ ಜಗುಲಿಯ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ. "ತಗಂಡೋಗ್ಲಿ ಬುಡು" ಎಂದಷ್ಟೇ ಹೇಳಿದ. ಕೋಳಿ ಮರಿ ಮಾಡುವವರೆಗೆ ಕಾದು, ಮಿನಿ ಲಾರಿಯಲ್ಲಿ ಗಾಡಿಯನ್ನು ಗುಂಡ್ಲುಪೇಟೆಗೆ ಸಾಗಿಸಿದೆ.

ಅಲ್ಲಿ ಊಟಿ ರಸ್ತೆಯಲ್ಲಿ ವೇಲಾಯುಧನ್ ಮೇಸ್ತ್ರಿಯ ಷೆಡ್ಡು. ವಯನಾಡಿನಿಂದ ಬಂದು ಗುಂಡ್ಲುಪೇಟೆಯಲ್ಲೇ ಹಳಬನಾದವನು. ಗಾಡಿಯ ಸುತ್ತ ಮೂರು ಸುತ್ತು ಬಂದು, ಮೂಸಿ, "ಸಾರೇ, ಇದು ಸತ್ತಿಲ್ಲ. ಮಲಗಿದೆ" ಎಂದ. ಟ್ಯಾಂಕಿನ ತುಕ್ಕಿಗೆ ಹುಣಸೆಹುಳಿಯ ನೀರು, ಒಂದು ಹಿಡಿ ಜಲ್ಲಿ ಹಾಕಿ ಮಗುವನ್ನು ತೂಗಿದಂತೆ ತೂಗಿದ. ಇಲಿ ತಿಂದ ವೈರನ್ನೆಲ್ಲ ಕಿತ್ತು ಹೊಸದು ಎಳೆದ. ಬಾಗಿದ್ದ ಮುಂದಿನ ಫೋರ್ಕನ್ನು ಬಿಚ್ಚಿ ನೆಟ್ಟಗೆ ಮಾಡಿದ. ತುಕ್ಕಿಗೆ ಕಳಚಿ ಬಿದ್ದಿದ್ದ ಎರಡೂ ಸೈಲೆನ್ಸರಿಗೆ ಬದಲು ಹೊಸದು ತರಿಸಿದ. ನಾನು ಪ್ರತಿ ಶನಿವಾರ ಬಸ್ಸು ಹಿಡಿದು ಹೋಗಿ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಸಹಾಯ ಮಾಡುವ ಉತ್ಸಾಹದಲ್ಲಿ ಕಾರ್ಬುರೇಟರಿನ ಸಣ್ಣದೊಂದು ಸೂಜಿಯನ್ನು ಒರೆಸಿ ಭದ್ರವಾಗಿ ಎಲ್ಲೋ ಇಟ್ಟೆ. ಅದು ಇವತ್ತಿಗೂ ಭದ್ರವಾಗಿ ಅಲ್ಲೇ ಇದೆ, ಎಲ್ಲಿ ಎಂದು ಮಾತ್ರ ತಿಳಿಯದು. ಆಮೇಲೆ ವೇಲಾಯುಧನ್ ನನ್ನ ಸ್ಟೂಲನ್ನು ಬಾಗಿಲ ಹೊರಗಿಟ್ಟ.

ಕೆಲಸ ಮುಗಿಯುವ ಹೊತ್ತಿಗೆ ಅವನು ಕೇಳಿದ, "ಕಂಪನಿಯಿಂದ ಬಂದ ಹಾಗೆ ಮಾಡಲಾ ಸಾರೇ, ಬಾವ ಮಾಡಿದ ಹಾಗೆ ಮಾಡಲಾ?"

"ಬಾವ ಮಾಡಿದ ಹಾಗೆ."

"ಹಾಗಾದರೆ ಸೈಲೆನ್ಸರ್ ಎಷ್ಟು ಎತ್ತರ?"

ನಾನು ಕೈಯಲ್ಲಿ ತೋರಿಸಿದೆ. ಮುಂದಿನ ಶನಿವಾರ ಬೇರೆ ಎತ್ತರ ತೋರಿಸಿದೆನಂತೆ. "ಸಾರೇ, ನೀವು ಬೇಡ. ಬಾವನ್ನೇ ಕರ್ಕೊಂಡು ಬನ್ನಿ" ಎಂದ.

ಬಾವ ಬಂದ. ಒಗೆದ ಪಂಚೆ, ಹೆಗಲ ಮೇಲೆ ಟವಲು. ಗಾಡಿಯನ್ನು ನೋಡಿದವನು ಕುಕ್ಕರುಗಾಲಲ್ಲಿ ಕೂತು, ಬಲಗೈಯ ಗೇಣಿಂದ ಸೈಲೆನ್ಸರಿನ ಜಾಗ ಅಳೆದು ಸೀಮೆಸುಣ್ಣದಲ್ಲಿ ಗೀಟು ಎಳೆದ. ಕೈ ತಡೆಯಲಿಲ್ಲ, ಎರಡನೇ ಸಲ ಅಳೆಯಲಿಲ್ಲ. ಬೆಸುಗೆ ಹಾಕಿ, ಆರಿಸಿ, ವೇಲಾಯುಧನ್ ಗಾಡಿ ಒದ್ದ. ಮೂರನೇ ಒದೆಗೆ ಹತ್ತಿತು. ಬಾವ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೇಳಿಸಿಕೊಂಡ.

"ಹತ್ತಿ ಬಾವ, ಒಂದು ರೌಂಡ್ ಹೋಗಿ ಬನ್ನಿ" ಎಂದ ವೇಲಾಯುಧನ್.

"ಆಗಲ್ಲ ಮೇಸ್ತ್ರಿ" ಎಂದೆ ನಾನು, "ಅವರ ಎಡಗೈಲಿ ಕ್ಲಚ್ ಹಿಡಿಯೋಕಾಗಲ್ಲ."

ವೇಲಾಯುಧನ್ ನನ್ನನ್ನು ನೋಡಿದ ನೋಟ, ಸೂಜಿ ಕಳೆದಾಗ ನೋಡಿದ್ದಕ್ಕಿಂತಲೂ ಕಡೆಯಾಗಿತ್ತು. "ಸಾರೇ, ಈ ಗಾಡಿಗೆ ಕ್ಲಚ್ ಹಿಡಿಯೋ ಕೈ ಯಾಕೆ? ಗೇರಿನ ಕಡ್ಡಿ ಕಾಲಲ್ಲಿ ಒತ್ತಿದ್ರೆ ಕ್ಲಚ್ ತಾನೇ ಬಿಡುತ್ತೆ. ಮೆಲ್ಲಗೆ ಕಾಲು ಎತ್ತಿದ್ರೆ ಹೊರಡುತ್ತೆ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಆ ಗಾಡಿ ಕಲಿತವರಿಗೆಲ್ಲ ಗೊತ್ತಿರುವ ಸಂಗತಿ ಅದು. ಹದಿನೆಂಟು ವರ್ಷದಲ್ಲಿ ಒಂದು ಸಲವೂ ನನಗೆ ಹೊಳೆಯಲಿಲ್ಲ. ಕೈಯಿಂದಾಗಿ ಬಾವ ಗಾಡಿ ಬಿಟ್ಟ ಎಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

"ನಿಮಗೆ ಗೊತ್ತಿತ್ತಾ ಬಾವ?"

"ಗೊತ್ತಿಲ್ದೆ ಏನ್ಲಾ?"

"ಮತ್ತೆ ಯಾಕೆ ಓಡಿಸಲಿಲ್ಲ?"

ಬಾವ ಟವಲಿನಿಂದ ಟ್ಯಾಂಕಿನ ಮೇಲಿನ ಸೀಮೆಸುಣ್ಣದ ಪುಡಿ ಒರೆಸಿದ. "ಓಡ್ಸ್ಕೊಂಡ್ ಹೋದ್ರೆ ಏರಿ ಸಿದ್ದಪ್ಪ ಬಂದ ಅಂತ ನಗೋರು. ನಡ್ಕೊಂಡ್ ಹೋದ್ರೆ ಬರೀ ಸಿದ್ದಪ್ಪ."

ವೇಲಾಯುಧನಿಗೆ ಇದೇನೂ ಗೊತ್ತಿಲ್ಲ. "ಹೇಗೆ ಬಿದ್ರಿ ಬಾವ?" ಎಂದು ಕೇಳಿದ. ಬಾವ ಗಂಟಲು ಸರಿಮಾಡಿಕೊಂಡು, "ಏರಿ ಮ್ಯಾಲೆ ಬತ್ತಿದ್ದೆ. ಒಂದ್ ಎಮ್ಮೆ, ಒಂಟಿ ಕೊಂಬಿಂದು..." ಎಂದು ಶುರು ಮಾಡಿದ.

"ಎಮ್ಮೆ ಇರಲಿಲ್ಲ" ಎಂದೆ. ನನ್ನ ದನಿ ನನಗೇ ಬೇರೆಯವರದರಂತೆ ಕೇಳಿತು. "ಓಡಿಸ್ತಿದ್ದೋನು ನಾನು ಮೇಸ್ತ್ರಿ. ಮಣ್ಣಲ್ಲಿ ಮುಂದಿನ ಬ್ರೇಕ್ ಹಿಡಿದೆ. ಬಾವ ಹಿಂದೆ ಕೂತಿದ್ದರು."

ವೇಲಾಯುಧನ್ ಬಗ್ಗಿ ಇಂಜಿನ್ನು ನಿಲ್ಲಿಸಿದ.

ಬಾವ ನನ್ನನ್ನೇ ನೋಡಿದ. ಕೋಪವಿರಲಿಲ್ಲ. "ಎಮ್ಮೆ ಇರ್ಲಿಲ್ಲ ಅಂತ ನಿಂಗೆಂಗ್ ಗೊತ್ತು?"

"ನಾನು ನೋಡ್ತಿದ್ದೆನಲ್ಲ ಬಾವ."

"ಏನ್ ನೋಡ್ದೆ? ಕಣ್ ಮುಚ್ಕೊಂಡಿದ್ದೆ ಕಣ್ಲಾ! ಕನ್ನಡೀಲಿ ನಿನ್ ಮುಖ ಕಾಣ್ತಿತ್ತು ನಂಗೆ. ಬಿಗ್ಗನೆ ಮುಚ್ಕೊಂಡಿದ್ದೆ, ಕಹಿ ಔಷ್ದಿ ಕುಡಿಯೋನಂಗೆ!"

ವೇಲಾಯುಧನ್ ನಕ್ಕು ನಕ್ಕು ಕೆಮ್ಮಿದ. ನಾನು ಸ್ಟೂಲಿನ ಮೇಲೆ ಕೂತೆ. ಏರಿಯ ಅಗಲ ಎರಡು ಸಲ ಅಳೆದವನು ನಾನು. ಜಾರಿದ ಮಣ್ಣಿನ ಬಣ್ಣವನ್ನೂ ಹೇಳಬಲ್ಲೆ. ಆದರೆ ಆ ಒಂದು ಕ್ಷಣದಲ್ಲಿ ಏನು ಕಂಡೆ ಎಂದು ಎಷ್ಟು ಹುಡುಕಿದರೂ ಬರೀ ಕೆಂಪು ಕತ್ತಲೆಯೇ ಸಿಗುತ್ತದೆ.

"ಹಾಗಾದರೆ ಎಮ್ಮೆ ಇತ್ತಾ ಬಾವ?"

"ಇತ್ತೋ ಇಲ್ವೋ, ಈಗ ಅದೆ" ಎಂದ ಬಾವ. ಆಮೇಲೆ ದನಿ ತಗ್ಗಿಸಿ, "ಊರಲ್ಲಿ ಹೇಳ್ಬ್ಯಾಡ ಕಣ್ಲಾ. ಹದ್ನೆಂಟ್ ವರ್ಸ ನಾನ್ ಬಿದ್ದಿವ್ನಿ. ಈಗ್ ನೀನ್ ಬಿದ್ದೆ ಅಂದ್ರೆ ಯಾರ್ ನಂಬಾರು? ನಿಮ್ಮಕ್ಕಂಗಂತೂ ಬ್ಯಾಡ" ಎಂದ.

ಬಾವ ಗಾಡಿ ಹತ್ತಿ ಒದ್ದ, ನಾನು ಹಿಂದೆ ಕೂತೆ. ಅರ್ಧ ಮಡಿಚಿದ ಬೆರಳುಗಳು ಹ್ಯಾಂಡಲಿಗೆ ಕೊಕ್ಕೆಯಂತೆ ಆತುಕೊಂಡವು. ಕಾಲು ಒತ್ತಿ, ಮೆಲ್ಲಗೆ ಎತ್ತಿದ. ಗಾಡಿ ಒಂದು ಕುಲುಕೂ ಇಲ್ಲದೆ ಹೊರಟಿತು. ಚೆಂಡುಹೂವಿನ ಹೊಲಗಳನ್ನು ದಾಟಿದೆವು, ತೆರಕಣಾಂಬಿ ದಾಟಿದೆವು. ಚಾಮರಾಜನಗರದಲ್ಲಿ ಕಾಫಿ ಕುಡಿದೆವು. ಅಷ್ಟು ದೂರ ಅವನ ಬೆನ್ನನ್ನು ನೋಡುತ್ತಾ ಕೂತಿದ್ದೆ. ಅದು ನೆಟ್ಟಗಿತ್ತು.

ಊರ ಕೆರೆ ಏರಿ ಬಂದಾಗ ಬಾವ ನಿಲ್ಲಿಸಿ ಇಳಿದ. "ಕೈ ಸೋತದೆ. ನೀನ್ ಓಡ್ಸು." ಕೈ ಸೋತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ನನ್ನ ಬಾಯಿ ಒಣಗಿತ್ತು. ಮಣ್ಣೂ ಒಣಗಿತ್ತು, ಸದ್ಯ. ಎರಡನೇ ಗೇರಿನಲ್ಲೇ ಹೋದೆ. ತೂಬಿನ ಕಲ್ಲು ಬಂತು, ಹೋಯಿತು. ಕಣ್ಣು ರೆಪ್ಪೆ ಬಡಿಯದೆ ನೋಡಿದೆ. ಉರಿ ಬಂದು ನೀರು ಸುರಿಯಿತು. ಹಿಂದಿನಿಂದ ಬಾವ, "ಎಮ್ಮೆ ಕಾಣ್ತಾ?" ಎಂದ.

ಟೀ ಅಂಗಡಿಯ ಮುಂದೆ ಶಬ್ದಕ್ಕೇ ಜನ ಎದ್ದು ನಿಂತಿದ್ದರು. ಕೆಂಪಣ್ಣನಿಗೆ ವಯಸ್ಸಾಗಿತ್ತು, ನಾಲಿಗೆಗೆ ಆಗಿರಲಿಲ್ಲ. ಬಾವ ಹಿಂದೆ ಕೂತದ್ದನ್ನು ಕಂಡು, "ಏನ್ಲಾ ಏರಿ ಸಿದ್ದಪ್ಪ, ಹಿಂದ್ಗಡೆ ಕುಂತ್ಕೊಂಡ್ ಬಂದಿದ್ದೀಯೆ! ಬುದ್ಧಿ ಬಂತಾ?" ಎಂದ.

ನಗು ಏಳುವ ಮೊದಲೇ ನಾನು ಹೇಳಿದೆ: "ಅವತ್ತೂ ಹಿಂದೇನೇ ಕುಂತಿದ್ರು ಕೆಂಪಣ್ಣ. ಓಡ್ಸಿ ಬೀಳ್ಸಿದ್ದು ನಾನು. ಲೈಸನ್ಸ್ ಇರಲಿಲ್ಲ ಅಂತ ಅವರ ಮೇಲೆ ಹಾಕ್ಕೊಂಡ್ರು. ನಾನು ಸುಮ್ಮನಿದ್ದೆ."

ಬಾವ ನನ್ನ ಬೆನ್ನಿಗೆ ಗುದ್ದಿದ. ಆದರೆ ಮಾತು ಆಗಲೇ ಅಂಗಡಿಯೊಳಗೆ ಹೋಗಿ ಕೂತಿತ್ತು. ಕೆಂಪಣ್ಣ ಬೀಡಿ ಬಾಯಿಂದ ತೆಗೆದ. ಬಾವನ ಕೈಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ, "ಊರೋರ್ ಜಮೀನೆಲ್ಲ ಅಳೀತಾನಂತೆ, ಏರಿ ಅಗ್ಲ ಗೊತ್ತಾಗ್ನಿಲ್ವಂತೆ! ಏರಿ ಸರ್ವೇಯರ್ರು!" ಎಂದ. ಅಂಗಡಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಾವ. ಕೆಂಪಣ್ಣ ಒಳಗೆ ತಿರುಗಿ, "ಬೋರೆ ಸಿದ್ದಪ್ಪಂಗೊಂದು ಟೀ" ಎಂದು ಕೂಗಿದ. ನನಗೆ ಹೇಳಲಿಲ್ಲ.

ಮನೆ ತಲುಪುವ ಹೊತ್ತಿಗೆ ಸುದ್ದಿ ಮುಂಚೆಯೇ ಹೋಗಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ನೋಡದೆ ಬಾವನನ್ನು ಕೇಳಿದಳು, "ನಾನ್ ಬೈವಾಗೆಲ್ಲ ಸುಮ್ನೆ ಕುಂತಿರ್ತಿದ್ರಲ್ಲ, ಬಾಯ್ಗೇನಾಗಿತ್ತು ನಿಮ್ಗೆ?"

"ನಿನ್ ಬೈಗ್ಳ ನಂಗ್ ಅಭ್ಯಾಸ ಆಗಿತ್ತು ಕಣಮ್ಮಿ. ಅವನ್ಗೆ ಇರ್ನಿಲ್ಲ."

ಅಕ್ಕ ಒಳಗೆ ಹೋಗಿ ಬಾವನಿಗೆ ತಟ್ಟೆ ಇಟ್ಟಳು. ಮುದ್ದೆ, ಉಪ್ಪುಸಾರು. ಎದುರಿಗೆ ಕೂತು ಅವನ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳನ್ನು ಬಿಡಿಸುತ್ತಾ ಹೋದಳು, ಆ ಕೈಯನ್ನು ಮೊದಲ ಸಲ ನೋಡುತ್ತಿರುವವಳಂತೆ. ನಾನು ನಡುಮನೆಯ ಕಂಬದ ಹತ್ತಿರ ನಿಂತಿದ್ದೆ.

"ಅವನ್ಗೂ ಇಕ್ಕು" ಎಂದ ಬಾವ.

"ಇಕ್ತೀನಿ ಬುಡಿ. ಹದ್ನೆಂಟ್ ವರ್ಸ ತಡ್ದವ್ನೆ, ಇನ್ನೊಂದ್ ಗಳ್ಗೆ ತಡೀಲಿ."

ಕೈ ತೊಳೆದುಕೊಂಡು ಬಂದು ಕಾದೆ.